ಸಾಕು ಓತಿಗಳಲ್ಲಿ ಚಳಿಗಾಲದ ಜಡತೆ ಮತ್ತು ಪೊರೆ ಕಳಚುವಿಕೆಯ ತೊಂದರೆಗಳು: ಪಾಲಕರ ಮಾಹಿತಿಗಾಗಿ

ಪೀಠಿಕೆ

ನಗರ ಪ್ರದೇಶಗಳಲ್ಲಿ ನಾಯಿ, ಬೆಕ್ಕು ಹಾಗೂ ಪಕ್ಷಿಗಳಂತೆ ವಿದೇಶೀ ಮೂಲದ ಓತಿ ಮತ್ತು ಹಲ್ಲಿಗಳನ್ನು ಸಾಕುವ ನಾಗರಿಕರೂ ಇದ್ದಾರೆ. ಬಿಯರ್ಡೆಡ್ ಡ್ರ್ಯಾಗನ್ ಎಂದು ಕರೆಯಲ್ಪಡುವ ಆಸ್ಟ್ರೇಲಿಯಾ ಮೂಲದ ಓತಿ ಮತ್ತು ಲೆಪರ್ಡ್ ಗೆಕೋ ಎಂಬ ಹಲ್ಲಿ ಇವುಗಳಲ್ಲಿ ಮುಖ್ಯವಾದವು. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿಯಲ್ಲಿ ಈ ಪ್ರಾಣಿಗಳು ಆಹಾರ ಬಿಟ್ಟು ಮೂಲೆ ಸೇರುವುದು ಮತ್ತು ಇದೇ ಸಮಯದಲ್ಲಿ ಮೈಮೇಲಿನ ಪೊರೆ ಅರ್ಧಂಬರ್ಧ ಕಳಚಿ ಉಳಿದುಕೊಳ್ಳುವುದು ಉಂಟು. ಮೊದಲನೆಯದು ಬಹುಪಾಲು ಸಹಜವಾದುದು. ಎರಡನೆಯದನ್ನು ಸಹಜವೆಂದು ಭಾವಿಸಿ ಬಿಟ್ಟಲ್ಲಿ ಬೆರಳು ಅಥವಾ ಬಾಲದ ತುದಿ ಕಳೆದುಹೋಗುವ ಸಂಭವವಿರುತ್ತದೆ. ಇವೆರಡರ ವ್ಯತ್ಯಾಸವನ್ನು ತಿಳಿದು, ಮನೆಯಲ್ಲಿ ಮಾಡಬಹುದಾದುದನ್ನು ಮನೆಯಲ್ಲಿ ಮಾಡಿ, ಆಸ್ಪತ್ರೆಗೆ ತರಬೇಕಾದುದನ್ನು ವಿಳಂಬವಿಲ್ಲದೆ ತರಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

ಚಳಿಗಾಲದ ಜಡತೆ ಎಂದರೇನು?

ಓತಿಗಳು ಶೀತರಕ್ತ ಪ್ರಾಣಿಗಳು. ಅವುಗಳ ದೇಹಕ್ಕೆ ಬೇಕಾದ ಶಾಖವು ಹೊರಗಿನಿಂದಲೇ ಬರಬೇಕು. ಹಗಲು ಕಿರಿದಾಗಿ ತಂಪು ಹೆಚ್ಚಿದಾಗ ಹೃದಯದ ಬಡಿತ, ಉಸಿರಾಟ ಮತ್ತು ಜೀರ್ಣಕ್ರಿಯೆ ನಿಧಾನವಾಗುತ್ತವೆ. ಪ್ರಾಣಿಯು ಮರೆಯ ಸ್ಥಳದಲ್ಲಿ ವಾರಗಟ್ಟಲೆ ಮಲಗಿ, ನಡುನಡುವೆ ಎದ್ದು ನೀರು ಕುಡಿದು ಪುನಃ ಮಲಗಬಹುದು. ಆಸ್ಟ್ರೇಲಿಯಾದ ಒಳನಾಡಿನ ಒಣಪ್ರದೇಶಗಳಲ್ಲಿ ಬಿಯರ್ಡೆಡ್ ಡ್ರ್ಯಾಗನ್‌ಗಳು ಜೂನ್‌ನಿಂದ ಆಗಸ್ಟ್‌ವರೆಗೆ ಇರುವ ಅಲ್ಲಿನ ಚಳಿಗಾಲವನ್ನು ಹೀಗೆಯೇ ಕಳೆಯುತ್ತವೆ. ಇಲ್ಲಿ ಸಾಕಿದವು ಇಲ್ಲಿನ ಬೆಳಕು ಮತ್ತು ತಂಪನ್ನು ಅನುಸರಿಸುತ್ತವೆ. ಎಲ್ಲಾ ಪ್ರಾಣಿಗಳೂ ಜಡತೆಗೆ ಹೋಗಲೇಬೇಕೆಂದಿಲ್ಲ. ಒಂದು ವರ್ಷ ತುಂಬದ ಮರಿಗಳನ್ನು, ಕೃಶವಾದ ಹಾಗೂ ಕಾಯಿಲೆಯ ಪ್ರಾಣಿಗಳನ್ನು ಜಡತೆಗೆ ಬಿಡತಕ್ಕದ್ದಲ್ಲ.

ಕರ್ನಾಟಕದ ಪಾಲಕರು ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸುವುದು ಅವಶ್ಯ. ಬೆಂಗಳೂರಿನಲ್ಲಿ ಅತ್ಯಂತ ಕಿರಿದಾದ ಹಗಲು ಸುಮಾರು 11 ಗಂಟೆ 20 ನಿಮಿಷಗಳಷ್ಟಿದ್ದು, ಜನವರಿಯ ರಾತ್ರಿಗಳಲ್ಲಿ ಹೊರಗಿನ ಉಷ್ಣಾಂಶ ಸಾಮಾನ್ಯವಾಗಿ 15ರಿಂದ 16 ಡಿಗ್ರಿ ಸೆಲ್ಸಿಯಸ್‌ನಷ್ಟಿರುತ್ತದೆ. ಮನೆಯೊಳಗೆ ಇನ್ನೂ ಕೆಲವು ಡಿಗ್ರಿ ಹೆಚ್ಚು. ಅಂದರೆ ದೀಪ ಕೆಟ್ಟಿರುವ ಅಥವಾ ವಿದ್ಯುತ್ ಪದೇಪದೇ ನಿಲುಗಡೆಯಾಗುವ ಗೂಡಿನಲ್ಲಿ ಉಷ್ಣಾಂಶವು 20ರಿಂದ 24 ಡಿಗ್ರಿಗಳ ನಡುವೆ ನಿಂತುಬಿಡುತ್ತದೆ. ಇದು ಆಹಾರ ಜೀರ್ಣವಾಗಲು ಸಾಲದಷ್ಟು ತಂಪು, ದೇಹ ಪೂರ್ಣ ವಿಶ್ರಾಂತಿಗೆ ಹೋಗಲು ಬಿಡದಷ್ಟು ಬೆಚ್ಚಗೆ. ಈ ಅರೆಜಡ ಸ್ಥಿತಿಯಲ್ಲಿ ಪ್ರಾಣಿಯು ತಿನ್ನುವುದಿಲ್ಲ, ಆದರೆ ಮೈಯಲ್ಲಿನ ಕೊಬ್ಬನ್ನು ಕರಗಿಸುತ್ತಿರುತ್ತದೆ. ಪೊರೆಯ ತೊಂದರೆಗೆ ಇಂತಹ ಗೂಡುಗಳೇ ಹೆಚ್ಚು ಅವಕಾಶ ಮಾಡಿಕೊಡುತ್ತವೆ. ಬೀದರ್, ವಿಜಯಪುರ ಮುಂತಾದ ಉತ್ತರದ ಜಿಲ್ಲೆಗಳಲ್ಲಿ ಚಳಿಯ ಜೊತೆಗೆ ಒಣಹವೆಯೂ ಸೇರುತ್ತದೆ. ಕರಾವಳಿಯಲ್ಲಿ ಈ ಸಮಸ್ಯೆ ಕಡಿಮೆ.

ಪೊರೆ ಏಕೆ ಉಳಿದುಕೊಳ್ಳುತ್ತದೆ?

ಹಳೆಯ ಪೊರೆಯ ಕೆಳಗೆ ಹೊಸ ಚರ್ಮ ಪೂರ್ಣವಾಗಿ ಸಿದ್ಧವಾದ ನಂತರ ಎರಡರ ನಡುವೆ ದ್ರವವೊಂದು ಸೇರಿ ಹಳೆಯದನ್ನು ಸಡಿಲಗೊಳಿಸುತ್ತದೆ. ಮೈಬಣ್ಣ ಮಂಕಾಗಿ ಬೂದಿ ಬಳಿದಂತೆ ಕಾಣುವುದು ಈ ಹಂತದಲ್ಲಿ. ಈ ಕೆಲಸಕ್ಕೆ ದೇಹದಲ್ಲಿ ಶಾಖವೂ ನೀರೂ ಇರಬೇಕು. ಪೊರೆ ಬಿಡುವ ಕಾರ್ಯ ಪ್ರಾರಂಭವಾದ ನಂತರ ಪ್ರಾಣಿಯು ಜಡತೆಗೆ ಹೋದಲ್ಲಿ ಅದು ನಡುವಿನಲ್ಲೇ ನಿಂತು, ಸಡಿಲವಾದ ಪೊರೆ ಒಣಗಿ ಪುನಃ ಮೈಗೆ ಅಂಟಿಕೊಳ್ಳುತ್ತದೆ. ಎಚ್ಚರವಿರುವ ಪ್ರಾಣಿಯು ಕಲ್ಲು, ಕಟ್ಟಿಗೆಗಳಿಗೆ ಮೈ ಉಜ್ಜಿ ಪೊರೆಯನ್ನು ತಾನೇ ತೆಗೆದುಕೊಳ್ಳುತ್ತದೆ. ಮಲಗಿರುವ ಪ್ರಾಣಿಗೆ ಅದು ಸಾಧ್ಯವಾಗುವುದಿಲ್ಲ.

ಇದಲ್ಲದೆ ಶಾಖದ ದೀಪಗಳು ಗೂಡಿನ ಗಾಳಿಯನ್ನು ಒಣಗಿಸುವುದು, ನೀರಿನ ಬಟ್ಟಲು ಖಾಲಿಯಿರುವುದು, ಆಹಾರದಲ್ಲಿ ಎ ಜೀವಸತ್ವದ ಕೊರತೆ, ಉಣ್ಣೆ ಮತ್ತು ನುಸಿಗಳ ಬಾಧೆ, ಚರ್ಮದ ಸೋಂಕು ಹಾಗೂ ಹಳೆಯ ಗಾಯದ ಕಲೆಗಳು ಸಹ ಕಾರಣಗಳಾಗಿವೆ. ಎ ಜೀವಸತ್ವವನ್ನು ಪಶುವೈದ್ಯರ ಸಲಹೆಯಿಲ್ಲದೆ ಹೆಚ್ಚಿಗೆ ನೀಡಿದಲ್ಲಿಯೂ ಚರ್ಮ ಸುಲಿಯುತ್ತದೆಯಾದ್ದರಿಂದ ಅಂಗಡಿಯಿಂದ ಹನಿಗಳನ್ನು ತಂದು ಹಾಕುವುದು ಸೂಕ್ತವಲ್ಲ.

ಬಿಯರ್ಡೆಡ್ ಡ್ರ್ಯಾಗನ್‌ಗಳು ಪೊರೆಯನ್ನು ತುಂಡುತುಂಡಾಗಿ ಬಿಡುತ್ತವೆ. ಬೆನ್ನಿನ ಮೇಲೆ ಒಂದು ಪಟ್ಟಿ ಕೆಲವು ದಿನ ಉಳಿದರೆ ಗಾಬರಿಗೊಳ್ಳುವ ಅವಶ್ಯಕತೆಯಿಲ್ಲ. ಲೆಪರ್ಡ್ ಗೆಕೋ ಹಾಗಲ್ಲ. ಅದು ಇಡೀ ಪೊರೆಯನ್ನು ಒಂದೆರಡು ದಿನಗಳೊಳಗೆ ಕಳಚಿ, ತಾನೇ ತಿಂದುಬಿಡುತ್ತದೆ. ಗೂಡಿನಲ್ಲಿ ಪೊರೆ ಕಾಣಲಿಲ್ಲವೆಂದು ಪಾಲಕರು ಚಿಂತಿಸಬೇಕಾಗಿಲ್ಲ. ಬದಲಾಗಿ ಬೆರಳುಗಳನ್ನು ಒಂದೊಂದಾಗಿ ನೋಡತಕ್ಕದ್ದು.

ಎಲ್ಲಿ ಪರೀಕ್ಷಿಸಬೇಕು?

ಬೆರಳುಗಳು, ಬಾಲದ ತುದಿ, ಕಣ್ಣಿನ ರೆಪ್ಪೆ, ಮೂಗಿನ ಹೊಳ್ಳೆ, ಕಿವಿಯ ರಂಧ್ರ ಮತ್ತು ತೊಡೆಯ ಒಳಭಾಗದ ಸಣ್ಣ ರಂಧ್ರಗಳ ಸಾಲು: ಪೊರೆ ಉಳಿಯುವ ಸ್ಥಳಗಳು ಇವು. ಇವುಗಳಲ್ಲಿ ಬೆರಳು ಮತ್ತು ಬಾಲವೇ ಅತ್ಯಂತ ಅಪಾಯಕರ. ಅಲ್ಲಿ ಉಳಿದ ಪೊರೆಯು ಒಣಗಿ ಉಂಗುರದಂತೆ ಬಿಗಿದುಕೊಂಡು ರಕ್ತಸಂಚಾರವನ್ನು ತಡೆಯುತ್ತದೆ. ಮುಂದಿನ ಬಾರಿಯ ಪೊರೆಯೂ ಅದರ ಮೇಲೆಯೇ ಸೇರಿದರೆ ಬಿಗಿತ ಇಮ್ಮಡಿಯಾಗುತ್ತದೆ. ಬೆರಳು ಮೊದಲು ಊದಿಕೊಳ್ಳುತ್ತದೆ, ನಂತರ ಕೆಂಪಾಗುತ್ತದೆ, ಕೊನೆಗೆ ಕಪ್ಪಾಗಿ ಒಣಗಿ ಉದುರುತ್ತದೆ. ಊತದ ಹಂತದಲ್ಲಿ ಬಂದ ಪ್ರಾಣಿಯ ಬೆರಳನ್ನು ಉಳಿಸುವ ಸಾಧ್ಯತೆಯಿದೆ, ಕಪ್ಪಾದ ಮೇಲೆ ಇಲ್ಲ. ಬಿಯರ್ಡೆಡ್ ಡ್ರ್ಯಾಗನ್‌ನ ಬಾಲ ಒಮ್ಮೆ ಹೋದರೆ ಪುನಃ ಬೆಳೆಯುವುದಿಲ್ಲ. ಲೆಪರ್ಡ್ ಗೆಕೋದ ಬಾಲ ಬೆಳೆಯುತ್ತದೆಯಾದರೂ, ಚಳಿಗಾಲಕ್ಕೆಂದು ಅದು ಕೂಡಿಟ್ಟ ಕೊಬ್ಬಿನ ಬಹುಪಾಲು ಬಾಲದಲ್ಲೇ ಇರುವುದರಿಂದ ಈ ನಷ್ಟ ಸಣ್ಣದಲ್ಲ.

ಎಬ್ಬಿಸಬೇಕೇ, ಬಿಡಬೇಕೇ?

ಪಾಲಕರಿಗೆ ಹೆಚ್ಚು ಗೊಂದಲ ಉಂಟುಮಾಡುವ ಪ್ರಶ್ನೆ ಇದಾಗಿದೆ. ಪ್ರಾಣಿಯು ಗಾಢ ಜಡತೆಯಲ್ಲಿದ್ದು, ತೂಕ ಸ್ಥಿರವಾಗಿದ್ದು, ಪೊರೆಯು ಬೆನ್ನು, ಹೊಟ್ಟೆ ಅಥವಾ ತಲೆಯ ಮೇಲೆ ಮಾತ್ರ ಉಳಿದಿದ್ದಲ್ಲಿ ಅದನ್ನು ಮುಟ್ಟದೆ ಬಿಡುವುದೇ ಒಳ್ಳೆಯದು. ಎಚ್ಚರಗೊಂಡ ನಂತರ ಒಂದೆರಡು ಸ್ನಾನಗಳಲ್ಲಿ ಅದು ಹೋಗುತ್ತದೆ. ಆದರೆ ಬೆರಳು ಅಥವಾ ಬಾಲದ ಸುತ್ತ ಉಂಗುರ ಕಂಡುಬಂದಲ್ಲಿ, ಕಣ್ಣು ಮುಚ್ಚಿ ಅಂಟಿಕೊಂಡಿದ್ದಲ್ಲಿ, ಜಡತೆ ಮುಗಿಯುವವರೆಗೆ ಕಾಯತಕ್ಕದ್ದಲ್ಲ. ಬೆರಳು ಕಳೆದುಕೊಳ್ಳುವುದಕ್ಕಿಂತ ನಿದ್ರೆ ಕಳೆದುಕೊಳ್ಳುವುದು ಲೇಸು.

ಎಬ್ಬಿಸುವಾಗ ತಣ್ಣನೆಯ ಪ್ರಾಣಿಯನ್ನು ಏಕಾಏಕಿ ಬಿಸಿದೀಪದ ಕೆಳಗೆ ಇಡಬಾರದು. ಮೊದಲ ದಿನ ಗೂಡಿನ ಉಷ್ಣಾಂಶವನ್ನು 25 ಡಿಗ್ರಿಯ ಆಸುಪಾಸಿಗೆ ತಂದು, ಮರುದಿನದಿಂದ ಬಿಸಿಲು ಕಾಯುವ ಸ್ಥಳದ ದೀಪವನ್ನು ಎಂದಿನಂತೆ ಉರಿಸಬೇಕು. ಬಿಯರ್ಡೆಡ್ ಡ್ರ್ಯಾಗನ್‌ಗೆ ಈ ಸ್ಥಳದ ಮೇಲ್ಮೈ 38ರಿಂದ 42 ಡಿಗ್ರಿ, ಲೆಪರ್ಡ್ ಗೆಕೋಗೆ 31ರಿಂದ 33 ಡಿಗ್ರಿ ಇರುವುದು ವಾಡಿಕೆ. ಅಂದಾಜಿನ ಮೇಲೆ ನಡೆಯದೆ ಉಷ್ಣತಾಮಾಪಕವನ್ನು ಇಟ್ಟುಕೊಳ್ಳುವುದು ಕಡ್ಡಾಯವೆಂದೇ ತಿಳಿಯಬೇಕು. ಒಳಗೇ ಬಿಸಿಯಾಗುವ ಕೃತಕ ಕಲ್ಲುಗಳು ಹೊಟ್ಟೆಯನ್ನು ಸುಡುತ್ತವೆಯಾದ್ದರಿಂದ ಅವುಗಳನ್ನು ಬಳಸದಿರಲು ಕೋರಲಾಗಿದೆ.

ಮನೆಯಲ್ಲಿ ಪೊರೆಯನ್ನು ಸಡಿಲಿಸುವ ಕ್ರಮ

ಪ್ರಾಣಿಯು ಪೂರ್ಣ ಎಚ್ಚರಗೊಂಡ ನಂತರ ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ 30ರಿಂದ 32 ಡಿಗ್ರಿಯ ಉಗುರುಬೆಚ್ಚಗಿನ ನೀರನ್ನು ಅದರ ಮೊಣಕೈ ಮುಳುಗುವಷ್ಟು ಮಾತ್ರ ಹಾಕಿ 15ರಿಂದ 20 ನಿಮಿಷ ನಿಲ್ಲಿಸಬೇಕು. ಈ ಅವಧಿಯಲ್ಲಿ ಪಾಲಕರು ಸ್ಥಳ ಬಿಟ್ಟು ಹೋಗುವಂತಿಲ್ಲ. ನಿಶ್ಶಕ್ತ ಪ್ರಾಣಿಯು ಎರಡು ಅಂಗುಲ ನೀರಿನಲ್ಲೂ ಮುಳುಗಬಲ್ಲದು. ನಂತರ ಹತ್ತಿಯ ಕಡ್ಡಿಯನ್ನು ನೀರಿನಲ್ಲಿ ಅದ್ದಿ ಬೆರಳಿನ ಬುಡದಿಂದ ತುದಿಯ ಕಡೆಗೆ ಮೆಲ್ಲಗೆ ಹೊರಳಿಸಬೇಕು. ತಾನಾಗಿ ಬಂದಷ್ಟು ಬರಲಿ. ಬಾರದಿದ್ದಲ್ಲಿ ಮರುದಿನ ಪುನಃ ಪ್ರಯತ್ನಿಸಬಹುದು. ಚಿಮುಟದಿಂದ ಎಳೆದರೆ ಕೆಳಗಿನ ಹೊಸ ಚರ್ಮವೂ ಕಿತ್ತುಬಂದು ಸೋಂಕಿಗೆ ದಾರಿಯಾಗುತ್ತದೆ. ಸ್ನಾನದ ಬಳಿಕ ಮೈಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಬೆಚ್ಚಗೆ ಒಣಗಿಸಿಯೇ ಗೂಡಿಗೆ ಬಿಡಬೇಕು. ಒದ್ದೆಮೈಯಲ್ಲಿ ತಂಪಿಗೆ ಬಿಟ್ಟ ಪ್ರಾಣಿಗೆ ಶ್ವಾಸಕೋಶದ ಸೋಂಕು ತಗಲುವ ಅಪಾಯವಿದೆ. ಇದೇ ಕಾರಣದಿಂದ ಜಡತೆಯಲ್ಲಿರುವ ಪ್ರಾಣಿಗೆ ಸ್ನಾನ ಮಾಡಿಸಿ ಪುನಃ ಮಲಗಿಸುವ ಪದ್ಧತಿಯನ್ನು ಕೈಬಿಡತಕ್ಕದ್ದು.

ಲೆಪರ್ಡ್ ಗೆಕೋಗೆ ಸ್ನಾನಕ್ಕಿಂತ ತೇವದ ಡಬ್ಬಿ ಉತ್ತಮ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಪ್ರಾಣಿ ನುಗ್ಗುವಷ್ಟು ರಂಧ್ರ ಮಾಡಿ, ಅಂಚನ್ನು ನುಣುಪಾಗಿಸಿ, ಒಳಗೆ ಒದ್ದೆ ಟಿಶ್ಯೂ ಕಾಗದ ಅಥವಾ ಹಿಂಡಿದ ತೆಂಗಿನ ನಾರಿನ ಪುಡಿ ಹಾಕಿ ಗೂಡಿನ ಬೆಚ್ಚಗಿನ ಬದಿಗೆ ಇಡಬೇಕು. ಎರಡು ದಿನಕ್ಕೊಮ್ಮೆ ಬದಲಿಸದಿದ್ದಲ್ಲಿ ಬೂಷ್ಟು ಹಿಡಿಯುತ್ತದೆ. ಬಿಯರ್ಡೆಡ್ ಡ್ರ್ಯಾಗನ್ ಒಣನಾಡಿನ ಪ್ರಾಣಿಯಾದ್ದರಿಂದ ಅದರ ಇಡೀ ಗೂಡನ್ನು ತೇವಗೊಳಿಸುವುದು ತಪ್ಪು.

ಕೊಬ್ಬರಿ ಎಣ್ಣೆ, ಹರಳೆಣ್ಣೆ, ಅರಿಶಿನ ಮುಂತಾದವುಗಳನ್ನು ಹಚ್ಚುವ ರೂಢಿ ಕೆಲವೆಡೆ ಇದೆ. ಎಣ್ಣೆಯಿಂದ ಪೊರೆ ಮೆತ್ತಗಾದಂತೆ ಕಂಡರೂ ಧೂಳು ಮತ್ತು ಮರಳು ಅದಕ್ಕೆ ಅಂಟಿ ಮತ್ತಷ್ಟು ಗಟ್ಟಿಯಾಗುತ್ತದೆ. ನೆಲ ಒರೆಸುವ ಫಿನಾಯಿಲ್ ಮಾದರಿಯ ದ್ರಾವಣಗಳು ಸರೀಸೃಪಗಳಿಗೆ ವಿಷ. ನಾಯಿಗಳ ಉಣ್ಣೆನಾಶಕವನ್ನು ಓತಿಗೆ ಸಿಂಪಡಿಸುವುದು ಜೀವಕ್ಕೇ ಎರವಾಗಬಹುದು. ಕಣ್ಣಿನ ರೆಪ್ಪೆಯೊಳಗಿನ ಪೊರೆಯನ್ನು ಪಾಲಕರು ತೆಗೆಯಲು ಯತ್ನಿಸಲೇಬಾರದು. ಅದನ್ನು ಪಶುವೈದ್ಯರು ಲವಣ ದ್ರಾವಣದಿಂದ ತೊಳೆದು ತೆಗೆಯುತ್ತಾರೆ.

ಜಡತೆಗೆ ಮುನ್ನ ಮಾಡಬೇಕಾದುದು

ಅಕ್ಟೋಬರ್ ಅಥವಾ ನವೆಂಬರ್ ತಿಂಗಳಿನಲ್ಲೇ ಪ್ರಾಣಿಯ ಹಿಕ್ಕೆಯನ್ನು ಪರೀಕ್ಷೆ ಮಾಡಿಸಿ ಜಂತುಗಳಿದ್ದಲ್ಲಿ ಚಿಕಿತ್ಸೆ ಕೊಡಿಸಬೇಕು. ಪ್ರಾಣಿ ಮಲಗಿದರೂ ಜಂತುಗಳ ಬಾಧೆ ನಿಲ್ಲುವುದಿಲ್ಲ. ಶಾಖ ಕಡಿಮೆ ಮಾಡುವ ಮೊದಲು ಸುಮಾರು ಎರಡು ವಾರ ಆಹಾರ ನಿಲ್ಲಿಸಿ, ಹಿಕ್ಕೆ ಹಾಕಿ ಹೊಟ್ಟೆ ಖಾಲಿಯಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಶಾಖವಿಲ್ಲದ ಹೊಟ್ಟೆಯಲ್ಲಿ ಉಳಿದ ಆಹಾರ ಕೊಳೆಯುತ್ತದೆ. ಪೊರೆ ಬಿಡುವ ಲಕ್ಷಣ ಕಂಡಿದ್ದಲ್ಲಿ ಅದು ಪೂರ್ಣಗೊಳ್ಳುವವರೆಗೆ ಶಾಖವನ್ನು ಇಳಿಸತಕ್ಕದ್ದಲ್ಲ. ಈ ಒಂದು ಎಚ್ಚರಿಕೆಯಿಂದಲೇ ಮೇಲೆ ಹೇಳಿದ ತೊಂದರೆಗಳಲ್ಲಿ ಹೆಚ್ಚಿನವು ತಪ್ಪುತ್ತವೆ.

ಅಡುಗೆಮನೆಯ ತಕ್ಕಡಿಗಿಂತ ಪ್ರತ್ಯೇಕವಾದ, ಗ್ರಾಂ ಲೆಕ್ಕದ ತಕ್ಕಡಿಯಲ್ಲಿ ಎರಡು ವಾರಕ್ಕೊಮ್ಮೆ ತೂಕ ನೋಡಿ ದಿನಾಂಕದೊಂದಿಗೆ ಬರೆದಿಡುವುದು ಅವಶ್ಯ. ಜಮಾ-ಖರ್ಚಿನ ಪುಸ್ತಕದಂತೆ ಇದೂ ತಿಂಗಳ ಕೊನೆಗೆ ನೆನಪಿನಿಂದ ತುಂಬುವಂತಹುದಲ್ಲ. ನವೆಂಬರ್‌ನಲ್ಲಿ 400 ಗ್ರಾಂ ಇದ್ದ ಪ್ರಾಣಿಯು 360 ಗ್ರಾಂಗೆ ಇಳಿದರೆ ಶೇಕಡ 10ರಷ್ಟು ತೂಕ ಕಳೆದುಕೊಂಡಂತಾಯಿತು; ಅದು ಜಡತೆಯಲ್ಲ, ಕಾಯಿಲೆಯೆಂದು ಭಾವಿಸಿ ಆಸ್ಪತ್ರೆಗೆ ತರಬೇಕು. ಕಣ್ಣು ಗುಳಿಬೀಳುವುದು, ಬಾಯಿ ತೆರೆದು ಉಸಿರಾಡುವುದು, ಬಾಯಲ್ಲಿ ಲೋಳೆ, ಕಾಲುಗಳ ನಡುಕ, ದವಡೆಯ ಊತ ಇವೂ ಸಹ ಜಡತೆಯ ಲಕ್ಷಣಗಳಲ್ಲ.

ಮತ್ತೊಂದು ವಿಷಯವನ್ನು ಸಂಕೋಚದಿಂದಲೇ ತಿಳಿಯಪಡಿಸಬೇಕಾಗಿದೆ. ಗಾಢ ಜಡತೆಯಲ್ಲಿರುವ ಓತಿಯನ್ನು ಸತ್ತಿದೆಯೆಂದು ತಿಳಿದು ಹೂಳುವ ಸಂಭವವಿದೆ. ಉಸಿರಾಟವು ಕಣ್ಣಿಗೆ ಕಾಣದಷ್ಟು ವಿರಳವಾಗಿರಬಹುದು. ಪ್ರಾಣಿಯನ್ನು ಬೆಚ್ಚಗಿನ ಕೋಣೆಯಲ್ಲಿ ಕೆಲವು ಗಂಟೆ ಇರಿಸಿ, ಪಾದವನ್ನು ಮೃದುವಾಗಿ ಒತ್ತಿ ನೋಡಿ, ಪಶುವೈದ್ಯರು ದೃಢಪಡಿಸಿದ ನಂತರವೇ ಮುಂದುವರಿಯತಕ್ಕದ್ದು.

ಆಸ್ಪತ್ರೆಗೆ ತರುವಾಗ

ಗಾಳಿಯಾಡುವ ರಂಧ್ರಗಳುಳ್ಳ ಗಟ್ಟಿ ಡಬ್ಬದಲ್ಲಿ ಹಳೆಯ ಬಟ್ಟೆ ಹಾಸಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಒಂದು ಬದಿಗೆ ಇಟ್ಟು ತರಬೇಕು. ತೂಕದ ದಾಖಲೆ, ಕಳಚಿದ ಪೊರೆಯ ತುಣುಕುಗಳು, ಆ ದಿನದ ಹಿಕ್ಕೆ ಮತ್ತು ಗೂಡಿನ ಒಂದು ಛಾಯಾಚಿತ್ರವನ್ನು ಜೊತೆಯಲ್ಲಿ ತಂದರೆ ಪರೀಕ್ಷೆ ಸುಲಭವಾಗುತ್ತದೆ. ಎಲ್ಲಾ ಗ್ರಾಮೀಣ ಚಿಕಿತ್ಸಾಲಯಗಳಲ್ಲಿ ಸರೀಸೃಪಗಳ ಚಿಕಿತ್ಸೆಯ ಅನುಭವ ಇರಲಾರದು. ಆದ್ದರಿಂದ ಮುಂಚಿತವಾಗಿ ವಿಚಾರಿಸಿಕೊಂಡು ಹೊರಡುವುದು ಸೂಕ್ತ. ಓತಿಗಳ ಮೈಮೇಲೆ ಸಾಲ್ಮೊನೆಲ್ಲಾ ರೋಗಾಣುಗಳಿರಬಹುದಾದ್ದರಿಂದ ಮುಟ್ಟಿದ ನಂತರ ಸಾಬೂನಿನಿಂದ ಕೈ ತೊಳೆಯಬೇಕು. ಸ್ನಾನದ ಟಬ್ಬನ್ನು ಅಡುಗೆಮನೆಯಲ್ಲಿ ತೊಳೆಯಬಾರದು. ಐದು ವರ್ಷದೊಳಗಿನ ಮಕ್ಕಳನ್ನು ದೂರವಿಡಬೇಕು.

ನೋಂದಣಿ ಕುರಿತು

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ಕ್ಕೆ 2022ರಲ್ಲಿ ತರಲಾದ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಅದರ 4ನೇ ಅನುಸೂಚಿಯಲ್ಲಿ ಸೇರಿದ ವಿದೇಶೀ ಜೀವಿಗಳನ್ನು ಇಟ್ಟುಕೊಂಡಿರುವವರು ನೋಂದಣಿ ಮಾಡಿಸತಕ್ಕದ್ದು. ಹಸಿರು ಇಗುವಾನಾ ಇದಕ್ಕೆ ಒಂದು ಉದಾಹರಣೆ. 2024ರ ನಿಯಮಗಳಂತೆ ಅರ್ಜಿಯನ್ನು ಪರಿವೇಶ್ 2.0 ಜಾಲತಾಣದ ಮೂಲಕ ಸಲ್ಲಿಸಬೇಕು. ಪ್ರಾಣಿಯ ಹಸ್ತಾಂತರ, ಜನನ ಹಾಗೂ ಮರಣವನ್ನೂ ವರದಿ ಮಾಡಬೇಕು. ಈ ಕೆಲಸವು ಅರಣ್ಯ ಇಲಾಖೆಗೆ ಸಂಬಂಧಿಸಿದ್ದಾಗಿದ್ದು, ಪಶು ಆಸ್ಪತ್ರೆಗಳಲ್ಲಿ ಅರ್ಜಿ ಸ್ವೀಕರಿಸಲಾಗುವುದಿಲ್ಲ. ತಮ್ಮಲ್ಲಿರುವ ಪ್ರಾಣಿಯು ಸದರಿ ಅನುಸೂಚಿಯಲ್ಲಿದೆಯೇ ಎಂಬುದನ್ನು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ತಿಳಿಯಬಹುದು.

ನಮ್ಮ ನಾಡಿನ ಉಡವು ಇದೇ ಅಧಿನಿಯಮದ 1ನೇ ಅನುಸೂಚಿಯಲ್ಲಿದ್ದು ಅದನ್ನು ಹಿಡಿಯುವುದು, ಸಾಕುವುದು ಅಪರಾಧ. ಊಸರವಳ್ಳಿಗೂ ಕಾನೂನಿನ ರಕ್ಷಣೆಯಿದೆ. ಚಳಿಗಾಲದ ಬೆಳಗಿನಲ್ಲಿ ಹಿತ್ತಲಿನ ಬೇಲಿಯ ಮೇಲೆ ಜಡವಾಗಿ, ಅರ್ಧ ಪೊರೆ ಬಿಟ್ಟ ಸ್ಥಿತಿಯಲ್ಲಿ ಕಾಣುವ ಓತಿಕ್ಯಾತಗಳಿಗೆ ಯಾವ ಚಿಕಿತ್ಸೆಯೂ ಬೇಕಿಲ್ಲ. ಬಿಸಿಲೇರಿದ ಮೇಲೆ ಅವು ತಾವಾಗಿ ಹೊರಟುಹೋಗುತ್ತವೆ. ಅವುಗಳನ್ನು ಮನೆಯೊಳಗೆ ತರಬಾರದಾಗಿ ಕೋರಲಾಗಿದೆ.