ಹತ್ತಿಗೆ ಬಟ್ಟೆಯ ತೂಕ

ನಾಗಪುರವೆಂದರೆ ಹೊರಗಿನವರಿಗೆ ಕಿತ್ತಳೆ. ಧಾರವಾಡ ಸೀಮೆಯ ಎರೆಹೊಲ ನೋಡುತ್ತ ಬೆಳೆದ ನನಗೆ ಇದು ಹತ್ತಿಯ ಊರು. ಇಲ್ಲಿಂದ ವರ್ಧಾ ರಸ್ತೆ ಹಿಡಿದು ಹೊರಟರೆ ನಮ್ಮ ನವಲಗುಂದ, ಅಣ್ಣಿಗೇರಿ ಕಡೆಯದೇ ಕರಿ ಮಣ್ಣು. ಅಲ್ಲಿ ಅರಳೆ, ಇಲ್ಲಿ ಕಾಪೂಸ್. ಹೆಸರು ಬೇರೆಯಾದರೂ ಮಾರುವವನ ಚಿಂತೆ ಒಂದೇ.

ಹಳೆಯ ಕಾಲದ ವ್ಯಾಪಾರದ ಹೆಸರುಗಳನ್ನು ನೋಡಿ. ವಿದರ್ಭದ ಹತ್ತಿ ಅಮರಾವತಿಯ ಹೆಸರು ತಿರುಚಿಕೊಂಡು 'ಊಮ್ರಾ' ಆಗಿ ವಿಲಾಯತಿಯ ಮಾರುಕಟ್ಟೆಗೆ ಹೋಗುತ್ತಿತ್ತು. ಧಾರವಾಡ ಕಡೆಯ ದೇಸಿ ಹತ್ತಿಗೆ 'ಕುಮಟಾ' ಎಂಬ ಹೆಸರು ಬಿದ್ದಿತ್ತು. ಅದು ಬೆಳೆದದ್ದು ಕುಮಟೆಯಲ್ಲಲ್ಲ. ಘಟ್ಟ ಇಳಿದು ಆ ಬಂದರಿನಿಂದ ಹಡಗು ಹತ್ತುತ್ತಿತ್ತು, ಅಷ್ಟೇ. ಬೆಳೆದವನ ಹೊಲಕ್ಕಿಂತ ಮಾಲು ಹೋದ ದಾರಿಯೇ ದೊಡ್ಡದಾಯಿತು.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಲ್ಯಾಂಕಶೈರ್‌ಗೆ ಬರುವುದು ನಿಂತು, ನಮ್ಮ ಎರಡೂ ಸೀಮೆಗಳ ಹತ್ತಿಗೆ ಚಿನ್ನದ ಬೆಲೆ ಬಂತು. ಯುದ್ಧ ಮುಗಿಯಿತು, ಬೆಲೆ ಇಳಿಯಿತು. 1867ರಲ್ಲಿ ರೈಲು ನಾಗಪುರ ಮುಟ್ಟಿತು. ಹತ್ತಿ ಬೆಳೆಯುವಲ್ಲೇ ಗಿರಣಿ ಹಾಕಬೇಕು ಎಂದು ಲೆಕ್ಕ ಹಾಕಿದ ಜಮ್‌ಶೆಟ್‌ಜಿ ಟಾಟಾ ಇಲ್ಲಿ ಕಟ್ಟಿದ ಗಿರಣಿ 1877ರ ಜನವರಿ 1ರಂದು ಶುರುವಾಯಿತು. ಅದೇ ದಿನ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದ್ದರಿಂದ ಗಿರಣಿಗೆ 'ಎಂಪ್ರೆಸ್' ಎಂದು ಹೆಸರು.

ಆ ಚಕ್ರವರ್ತಿನಿಯ ಸರ್ಕಾರವೇ 1896ರಲ್ಲಿ ವಿಚಿತ್ರವಾದ ಸುಂಕ ಹಾಕಿತು. ಖಜಾನೆಗೆ ಹಣ ಬೇಕಿತ್ತು, ಹಾಗಾಗಿ ಹೊರಗಿನ ಬಟ್ಟೆಯ ಮೇಲೆ ಶೇ. 3.5 ಆಮದು ಸುಂಕ. ಅದರಿಂದ ಲ್ಯಾಂಕಶೈರ್‌ಗೆ ತೊಂದರೆ ಆಗಬಾರದಲ್ಲ, ಹಾಗಾಗಿ ನಮ್ಮ ಗಿರಣಿಗಳ ಬಟ್ಟೆಯ ಮೇಲೂ ಅಷ್ಟೇ ಸುಂಕ. ನಾಗಪುರದಲ್ಲಿ ನೇಯ್ದು ನಾಗಪುರದಲ್ಲೇ ಮಾರಿದರೂ ತೆರಬೇಕು. ಈ ಸುಂಕ ತೊಲಗಲು 1925–26ರವರೆಗೆ ಕಾಯಬೇಕಾಯಿತು. ಈ ಕಥೆಯಲ್ಲಿ ಯಾರು ನಮ್ಮವರು, ಯಾರು ಹೊರಗಿನವರು ಎಂಬುದು ಸ್ಪಷ್ಟ. ನಮ್ಮ ಶಾಲೆಯ ಪಾಠಗಳೂ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ನನಗೆ ಹೆಚ್ಚು ಕಾಡುವುದು ಇದರ ಮುಂದಿನ ಅಧ್ಯಾಯ, ಏಕೆಂದರೆ ಅಲ್ಲಿ ನಮ್ಮವರೇ ಎರಡು ಕಡೆ ನಿಂತಿದ್ದಾರೆ.

1930ರ ಹೊತ್ತಿಗೆ ಜಪಾನಿನ ಅಗ್ಗದ ಬಟ್ಟೆ ಭಾರತದ ಪೇಟೆಗೆ ನುಗ್ಗಿತ್ತು. 1931ರ ಕೊನೆಯಲ್ಲಿ ಯೆನ್ ಬೆಲೆ ಕುಸಿದ ಮೇಲಂತೂ ಅದು ಮತ್ತಷ್ಟು ಅಗ್ಗ. ಗಿರಣಿ ಮಾಲೀಕರು ರಕ್ಷಣೆ ಕೇಳಿದರು. ಸರ್ಕಾರ ಬ್ರಿಟನ್ ಬಿಟ್ಟು ಬೇರೆ ದೇಶಗಳ ಬಟ್ಟೆಯ ಮೇಲಿನ ಸುಂಕವನ್ನು 1932ರಲ್ಲಿ ಶೇ. 50ಕ್ಕೆ, 1933ರ ಜೂನ್‌ನಲ್ಲಿ ಶೇ. 75ಕ್ಕೆ ಏರಿಸಿತು. ಜಪಾನಿನ ನೂಲಿನ ಗಿರಣಿಗಳು ಕೂಡಲೇ ಉತ್ತರ ಕೊಟ್ಟವು: ಭಾರತದ ಹತ್ತಿಯೇ ಬೇಡ.

ಪೆಟ್ಟು ಬಿದ್ದದ್ದು ಬೆಳೆಗಾರನಿಗೆ. ಊಮ್ರಾದಂಥ ಗಿಡ್ಡ ಎಳೆಯ ಹತ್ತಿಗೆ ಜಪಾನ್ ದೊಡ್ಡ ಗಿರಾಕಿ. ಲ್ಯಾಂಕಶೈರಿನ ಯಂತ್ರಗಳು ಅಮೆರಿಕದ ಉದ್ದ ಎಳೆಗೆ ಒಗ್ಗಿದ್ದವು. ಜಪಾನ್ ಬಿಟ್ಟ ಮಾಲನ್ನು ಅವು ಎತ್ತಿಕೊಳ್ಳುವಂತಿರಲಿಲ್ಲ. ಗಿರಣಿಯನ್ನು ಕಾಯಲು ಎತ್ತಿದ ಗೋಡೆ ಹೊಲದವನ ದಾರಿಗೇ ಅಡ್ಡವಾಯಿತು.

ಮಾತುಕತೆ ಸಿಮ್ಲಾದಲ್ಲಿ ಶುರುವಾಗಿ ದೆಹಲಿಯಲ್ಲಿ ಮುಗಿಯಿತು. ನಮ್ಮ ಕಡೆಯಿಂದ ವೈಸರಾಯ್ ಮಂಡಳಿಯ ವಾಣಿಜ್ಯ ಸದಸ್ಯ ಸರ್ ಜೋಸೆಫ್ ಭೋರ್, ಅವರ ಕಡೆಯಿಂದ ಸೆತ್ಸುಜೊ ಸವಾದಾ. 1934ರ ಜನವರಿಯಲ್ಲಿ ಆದ ಒಪ್ಪಂದ ಸಂತೆಯ ವಿನಿಮಯದಂತಿದೆ. ಜಪಾನ್ ವರ್ಷಕ್ಕೆ 10 ಲಕ್ಷ ಬೇಲ್ ಹತ್ತಿ ಕೊಂಡರೆ 32.5 ಕೋಟಿ ಗಜ ಬಟ್ಟೆ ಕಳಿಸಬಹುದು. ಅದರ ಮೇಲೆ ಪ್ರತಿ 10,000 ಬೇಲಿಗೆ ಇನ್ನೂ 15 ಲಕ್ಷ ಗಜ. 15 ಲಕ್ಷ ಬೇಲ್ ಕೊಂಡರೆ 40 ಕೋಟಿ ಗಜ, ಅದೇ ಮಿತಿ. ಸುಂಕ ಮತ್ತೆ ಶೇ. 50ಕ್ಕೆ ಇಳಿಯಿತು.

ನಮ್ಮ ದೊಡ್ಡಪ್ಪನಿಗೆ ಒಮ್ಮೆ ಫೋನಿನಲ್ಲಿ ಇದನ್ನು ವಿವರಿಸಿದೆ. ಅವರು ನಲವತ್ತು ವರ್ಷ ಹತ್ತಿ ಬೆಳೆದವರು. ಎಲ್ಲಾ ಕೇಳಿ, "ಬರೊಬ್ಬರಿ ಐತಿ ಬಿಡಪಾ. ಗಿರಾಕಿನ್ನ ಓಡಿಸಿ ಅಂಗಡಿ ನಡಸಾಕ ಬರತದೇನು?" ಅಂದರು. ಗಿರಣಿ ಕಾರ್ಮಿಕನ ಮನೆಯಲ್ಲಿ ಹುಟ್ಟಿದ್ದರೆ ಅವರು ಬೇರೆ ಮಾತು ಹೇಳುತ್ತಿದ್ದರು. 40 ಕೋಟಿ ಗಜ ಹೊರಗಿನ ಬಟ್ಟೆ ಎಂದರೆ ಇಲ್ಲಿಯ ಮಗ್ಗಗಳಿಗೆ ತಪ್ಪಿದ ಕೆಲಸವೂ ಹೌದು. ಆ ಒಪ್ಪಂದದ ಒಳ್ಳೆಯತನ ಇಷ್ಟೇ: ಬೆಳೆಯುವವನೂ ನೇಯುವವನೂ ಒಂದೇ ತಕ್ಕಡಿಯ ಎರಡು ತಟ್ಟೆಯಲ್ಲಿದ್ದಾರೆ ಎಂಬುದನ್ನು ಅದು ಮುಚ್ಚಿಡಲಿಲ್ಲ. ಬೇಲಿಗೆ ಇಷ್ಟು ಗಜ ಎಂದು ಅಂಕಿಯಲ್ಲಿ ಬರೆದಿಟ್ಟಿತು.

ಈಚಿನ ಲೆಕ್ಕ ಅಷ್ಟು ಬಿಚ್ಚಿದಂತಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ ಉಡುಪು ಉದ್ಯಮ ತತ್ತರಿಸಿತು. ಗಿರಣಿಗಳಿಗೆ ಹತ್ತಿ ಅಗ್ಗವಾಗಲೆಂದು ಕೇಂದ್ರ ಸರ್ಕಾರ ಶೇ. 11ರ ಆಮದು ಸುಂಕವನ್ನು ಮೊದಲು ಸೆಪ್ಟೆಂಬರ್ ಕೊನೆಯವರೆಗೆ, ಆಮೇಲೆ ಡಿಸೆಂಬರ್ 31ರವರೆಗೆ ತೆಗೆಯಿತು. ವಿದರ್ಭದಲ್ಲಿ ಹತ್ತಿ ಬಿಡಿಸಿ ಪೇಟೆಗೆ ತರುವುದು ಸರಿಯಾಗಿ ಆ ತಿಂಗಳುಗಳಲ್ಲೇ. ತಿರುಪ್ಪೂರಿನ ಹೊಲಿಗೆಯ ಹೆಣ್ಣುಮಗಳ ಕೂಲಿ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಭಾರ ಯವತ್ಮಾಳದ ರೈತನ ತಟ್ಟೆಗೆ ಎಷ್ಟು ಬಿತ್ತು, ಅದಕ್ಕೆ ಬದಲಾಗಿ ಅವನಿಗೆ ಏನು ಸಿಕ್ಕಿತು? ಬೆಂಬಲ ಬೆಲೆ ಇದೆ ಎನ್ನಬಹುದು. ಅದು ಸರ್ಕಾರದ ಖರೀದಿ ಕೇಂದ್ರದವರೆಗೆ ಮಾಲು ಮುಟ್ಟಿಸಿ, ಹಣಕ್ಕೆ ಕಾಯಬಲ್ಲವನಿಗೆ.

ಎಂಪ್ರೆಸ್ ಗಿರಣಿ ಮುಚ್ಚಿ ಬಹಳ ವರ್ಷವಾಯಿತು. ಆ ಜಾಗದಲ್ಲಿ ಅದರ ಹೆಸರಿನದೇ ಮಾಲ್ ನಿಂತಿದೆ. ಗೋಡೆ ಎತ್ತುವುದು ದೇಶಪ್ರೇಮ, ಇಳಿಸುವುದು ಪ್ರಗತಿ ಎಂದು ವಾದಿಸುವವರು ಎಲ್ಲ ಕಾಲಕ್ಕೂ ಇದ್ದಾರೆ. ಇಲ್ಲಿನ ಹತ್ತಿಯ ಚರಿತ್ರೆ ಓದಿದ ಮೇಲೆ ನನಗೆ ಎರಡೂ ಅರ್ಧ ಮಾತು ಅನಿಸುತ್ತದೆ. ಮುಂದಿನ ಸಲ ಯಾವುದಾದರೂ ಒಪ್ಪಂದ "ದೇಶಕ್ಕೆ ಲಾಭ" ಎಂದು ಸುದ್ದಿ ಬಂದಾಗ ಒಂದು ಪ್ರಶ್ನೆ ಕೇಳಿನೋಡಿ: ಎಷ್ಟು ಗಜಕ್ಕೆ ಎಷ್ಟು ಬೇಲ್?