ಅನಗತ್ಯ ಔಷಧಿಗಳ ಕಡಿತ: ಚಿತ್ರದುರ್ಗ ಸೀಮೆ

ವೃದ್ಧರಿಗೆ ಹಾನಿ ತರಬಹುದಾದ ಔಷಧಿಗಳ ಪಟ್ಟಿಯನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದರು. ಬೇಡದ ಔಷಧಿಯನ್ನು ಕ್ರಮವರಿತು ನಿಲ್ಲಿಸುವುದೂ ಚಿಕಿತ್ಸೆಯೇ ಎಂಬ ವಿಚಾರ ಮುಂದೆ ಆಸ್ಟ್ರೇಲಿಯ, ಕೆನಡಗಳಲ್ಲಿ ಬೆಳೆಯಿತು. ಭಾರತದಲ್ಲಿ ಮಾತ್ರ ಗಮನವೆಲ್ಲ ಮಾರುಕಟ್ಟೆಯ ಮೇಲಿತ್ತು. 1975ರ ಹಾಥಿ ಸಮಿತಿ ಅತ್ಯಗತ್ಯ ಔಷಧಿಗಳನ್ನು ಬೇರ್ಪಡಿಸಿತು. ಧಾರವಾಡದ ಡ್ರಗ್ ಆ್ಯಕ್ಷನ್ ಫೋರಂ ಅರ್ಥವಿಲ್ಲದ ಮಿಶ್ರಣಗಳ ವಿರುದ್ಧ ದನಿಯೆತ್ತಿತು. ಬೆಳಗಾವಿಯ ಕೆಎಲ್‌ಇ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಚಂದ್ರಕಾಂತ ಕೊಕಾಟೆ ಅವರ ಸಮಿತಿಯ ವರದಿಯಂತೆ 2016ರಲ್ಲಿ ಕೇಂದ್ರವು 344 ಸಂಯುಕ್ತ ಔಷಧಿಗಳನ್ನು ನಿಷೇಧಿಸಿತು. ಕೋರ್ಟು, ಮರುಪರಿಶೀಲನೆಗಳ ಬಳಿಕ 2018ರಲ್ಲಿ ಉಳಿದ ನಿಷೇಧ 328ಕ್ಕೆ.

ನಿಷೇಧ ಬೇಕಿತ್ತು, ಸಾಲದು. ಚಿತ್ರದುರ್ಗ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರುತ್ತದೆ. ವರ್ಷಗಟ್ಟಲೆ ಅದನ್ನು ಕುಡಿದವರಿಗೆ ಕೀಲುನೋವು. ನೋವಿಗೆ ಮೆಡಿಕಲ್ ಶಾಪಿನ ಮಾತ್ರೆ. ನೋವಿನ ಮಾತ್ರೆ ಹೊಟ್ಟೆ ಉರಿಸಿದರೆ ಗ್ಯಾಸ್ ಮಾತ್ರೆ, ಬಿ.ಪಿ. ಏರಿಸಿದರೆ ಆಮ್ಲೊಡಿಪಿನ್, ಅದರಿಂದ ಕಾಲು ಬಾತರೆ ಮೂತ್ರ ಹೆಚ್ಚಿಸುವ ಮಾತ್ರೆ. ಇವುಗಳಲ್ಲಿ ಒಂದೂ ನಿಷೇಧಿತವಲ್ಲ, ಬರೆದ ವೈದ್ಯರಲ್ಲಿ ಒಬ್ಬರೂ ತಪ್ಪು ಮಾಡಿಲ್ಲ. ಮೊದಲ ಕೊಂಡಿ ಇರುವುದು ನೀರಿನಲ್ಲಿ. ಆದ್ದರಿಂದ ಇಲ್ಲಿ ಔಷಧಿ ಕಡಿತದ ಕೆಲಸ ಶುದ್ಧ ನೀರಿನ ಘಟಕದಿಂದಲೇ ಶುರುವಾಗಬೇಕು.

ಹಳ್ಳಿಗಳ ಕಷ್ಟ ಔಷಧಿಯ ಅಭಾವವೇ ಹೊರತು ಅತಿರೇಕವಲ್ಲ ಎಂಬ ಆಕ್ಷೇಪವುಂಟು. ಎರಡೂ ಒಬ್ಬರಲ್ಲೇ ಕೂಡಿರಬಹುದು: ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿರುತ್ತದೆ, ನೋವಿನದು ತಪ್ಪುವುದಿಲ್ಲ. ನಿಲ್ಲಿಸಿದರೆ ಅಪಾಯ ಎಂಬುದು ಇನ್ನೂ ಗಟ್ಟಿಯಾದ ಮಾತು. ಸ್ಟೀರಾಯ್ಡ್, ಅಪಸ್ಮಾರದ ಔಷಧಿ, ಕೆಲವು ಹೃದಯದ ಮಾತ್ರೆಗಳನ್ನು ಥಟ್ಟನೆ ಬಿಡುವಂತಿಲ್ಲ. ಹಾಗಾಗಿಯೇ ಈ ಕೆಲಸ ರೋಗಿಯ ಸ್ವಂತ ತೀರ್ಮಾನಕ್ಕೆ ಬಿಡುವಂಥದ್ದಲ್ಲ. ಚೀಟಿಗಳನ್ನೆಲ್ಲ ಒಟ್ಟಿಗೆ ನೋಡಿ ವೈದ್ಯರಿಗೆ ತಿಳಿಸುವ ಒಬ್ಬರು ಬೇಕು. 1990ರ ದಶಕದ ಕೊನೆಯಲ್ಲಿ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಆಸ್ಟ್ರೇಲಿಯದ ನೆರವಿನಿಂದ ಅಂಥವರನ್ನು ತಯಾರು ಮಾಡತೊಡಗಿತು. ಚಿತ್ರದುರ್ಗದ ಎಸ್‌ಜೆಎಂ ಫಾರ್ಮಸಿ ಕಾಲೇಜಿನಲ್ಲೂ ಫಾರ್ಮಸಿ ಪ್ರಾಕ್ಟೀಸ್ ವಿಭಾಗವಿದೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಗೆ 2021ರಲ್ಲಿ ಬಂದ ತಿದ್ದುಪಡಿ ಕ್ಲಿನಿಕಲ್ ಫಾರ್ಮಸಿಸ್ಟ್ ಎಂಬ ಹುದ್ದೆಯನ್ನು ಗುರುತಿಸಿತು. ಕಲಿತವರಿದ್ದಾರೆ, ನಿಯಮವಿದೆ, ತಾಲ್ಲೂಕು ಆಸ್ಪತ್ರೆಗಳ ಫಾರ್ಮಸಿ ಕಿಟಕಿಯಲ್ಲಿ ಮಾತ್ರ ಹೆಚ್ಚಾಗಿ ಎಣಿಸಿ ಕೊಡುವ ಕೆಲಸವೇ ನಡೆದಿದೆ. 2024ರಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯ ಸಿಬ್ಬಂದಿ ಮನೆಮನೆಗೆ ಹೋಗುತ್ತಾರೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಮನೆಯ ಮಾತ್ರೆಗಳನ್ನೆಲ್ಲ ನೋಡಿ ಬರೆದುಕೊಳ್ಳುವ ಹೊಣೆಯನ್ನೂ ಸರ್ಕಾರ ಅವರಿಗೆ ವಹಿಸಲಿ.