ಕ್ರೈಸ್ತ ವಿಶ್ವಾಸತ್ಯಾಗ

ಕ್ರೈಸ್ತ ವಿಶ್ವಾಸತ್ಯಾಗ ಎಂದರೆ ದೀಕ್ಷಾಸ್ನಾನ ಪಡೆದ ಅಥವಾ ಕ್ರೈಸ್ತ ಕುಟುಂಬದಲ್ಲಿ ಬೆಳೆದ ವ್ಯಕ್ತಿಯು ಆ ಧರ್ಮದ ನಂಬಿಕೆಯನ್ನು ಪೂರ್ಣವಾಗಿ ತೊರೆಯುವುದು. ಒಂದು ಸಭೆಯನ್ನು ಬಿಟ್ಟು ಇನ್ನೊಂದನ್ನು ಸೇರುವುದು ಇದರ ವ್ಯಾಪ್ತಿಗೆ ಬರುವುದಿಲ್ಲ. ಕೆಲವು ಬೋಧನೆಗಳನ್ನು ಮಾತ್ರ ಹಟದಿಂದ ಅಲ್ಲಗಳೆಯುವುದನ್ನು ಪಾಷಂಡವಾದವೆಂದು ಪ್ರತ್ಯೇಕವಾಗಿ ಗುರುತಿಸಲಾಗುತ್ತದೆ. ತೊರೆದವರು ಪಶ್ಚಾತ್ತಾಪಪಟ್ಟು ಹಿಂದಿರುಗಬಹುದೇ, ಅವರಲ್ಲಿ ನಿಜವಾದ ನಂಬಿಕೆ ಎಂದಾದರೂ ಇತ್ತೇ, ತಂದೆತಾಯಿಗಳು ಕೊಟ್ಟ ವಿಶ್ವಾಸವನ್ನು ಪ್ರಾಯಕ್ಕೆ ಬಂದ ಮೇಲೆ ಬಿಡುವುದು ಪಾಪವೇ ಎಂಬ ಪ್ರಶ್ನೆಗಳಲ್ಲಿ ಕ್ರೈಸ್ತ ಸಭೆಗಳಿಗೆ ಒಮ್ಮತವಿಲ್ಲ. ತೊರೆದವರಲ್ಲಿ ಅನೇಕರು ತಮ್ಮ ನಡೆಯನ್ನು ಪತನವೆಂದಲ್ಲ, ಪ್ರಾಮಾಣಿಕತೆಯೆಂದು ವಿವರಿಸಿದ್ದಾರೆ.

ಪದಗಳ ಅರ್ಥ

ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ವಿಶ್ವಾಸತ್ಯಾಗಕ್ಕೆ ಬಳಕೆಯಾದ 'ಅಪೊಸ್ತಾಸಿಯ' ಎಂಬ ಪದಕ್ಕೆ ದೂರ ನಿಲ್ಲುವುದು, ದಂಗೆಯೇಳುವುದು ಎಂಬ ಅರ್ಥಗಳಿವೆ. ಪಶ್ಚಾತ್ತಾಪಕ್ಕೆ ಬಳಸುವ 'ಮೆತಾನೋಯ' ಎಂಬುದರ ಅರ್ಥ ಮನಸ್ಸಿನ ಬದಲಾವಣೆ. ಇದರ ಹಿಂದಿರುವ ಹೀಬ್ರೂ ಧಾತು 'ಶೂವ್' ಹಿಂದಿರುಗುವುದನ್ನು, ದಾರಿ ಬದಲಿಸುವುದನ್ನು ಸೂಚಿಸುತ್ತದೆ. ಕನ್ನಡದ 'ಪಶ್ಚಾತ್ತಾಪ'ವಾದರೋ ಆದ ಮೇಲಿನ ಬೇಗೆ, ಅಂದರೆ ನಡೆದುದಕ್ಕೆ ಮರುಗುವುದು. ಅದರಲ್ಲಿ ತಿರುಗಿ ನಡೆಯುವ ಅರ್ಥ ತಾನಾಗಿ ಇಲ್ಲ. ಆದುದರಿಂದಲೇ ಕನ್ನಡ ಕ್ರೈಸ್ತ ಬರವಣಿಗೆಯಲ್ಲಿ 'ಮಾನಸಾಂತರ', 'ದೇವರ ಕಡೆಗೆ ತಿರುಗಿಕೊಳ್ಳುವುದು' ಎಂಬ ಪ್ರಯೋಗಗಳೂ ರೂಢಿಯಲ್ಲಿವೆ. ಈ ವ್ಯತ್ಯಾಸ ಕೇವಲ ಪದಗಳದ್ದಲ್ಲ. ಮತ್ತಾಯನ ಸುವಾರ್ತೆಯಲ್ಲಿ ಯೇಸುವನ್ನು ಹಿಡಿದುಕೊಟ್ಟ ಯೂದನೂ ಮರುಗುತ್ತಾನೆ, ಆದರೆ ಅಲ್ಲಿ ಬಳಕೆಯಾಗಿರುವುದು ಬೇರೊಂದು ಗ್ರೀಕ್ ಕ್ರಿಯಾಪದ. ಯೇಸುವನ್ನು ಅರಿಯೆನೆಂದು ಮೂರು ಸಲ ನಿರಾಕರಿಸಿದ ಪೇತ್ರನು ಅತ್ತು ಹಿಂದಿರುಗಿದನು.

ಬೈಬಲಿನಲ್ಲಿ

ಬೈಬಲಿನ ವಾಕ್ಯಗಳು ಎರಡು ದಿಕ್ಕಿಗೆ ಎಳೆಯುತ್ತವೆ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ತಪ್ಪಿಹೋದ ಮಗನ ಸಾಮ್ಯದಲ್ಲಿ ಮಗನು ಬಾಯಿ ತೆರೆಯುವ ಮೊದಲೇ ತಂದೆಯು ಓಡಿಬಂದು ಅಪ್ಪಿಕೊಳ್ಳುತ್ತಾನೆ. ಇಬ್ರಿಯರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯವು ಒಮ್ಮೆ ಬೆಳಕನ್ನು ಕಂಡು ಬಿದ್ದವರನ್ನು ಮತ್ತೆ ಮಾನಸಾಂತರಕ್ಕೆ ತರುವುದು ಅಸಾಧ್ಯವೆನ್ನುತ್ತದೆ. ಯೋಹಾನನ ಮೊದಲ ಪತ್ರಿಕೆ ಮೂರನೆಯ ಮಾತನ್ನಾಡುತ್ತದೆ: ಬಿಟ್ಟುಹೋದವರು ಮೊದಲಿಗೇ ನಮ್ಮವರಾಗಿರಲಿಲ್ಲ. ಮುಂದಿನ ಶತಮಾನಗಳ ವಾದಗಳೆಲ್ಲ ಹೆಚ್ಚುಕಡಿಮೆ ಈ ಮೂರು ನೆಲೆಗಳಲ್ಲೇ ಸುತ್ತಿವೆ.

ಡೀಸಿಯಸನ ಆಜ್ಞೆ ಮತ್ತು 'ಬಿದ್ದವರು'

ಪ್ರಶ್ನೆಯು ಸಿದ್ಧಾಂತದಿಂದ ಬೀದಿಗಿಳಿದದ್ದು ಕ್ರಿ.ಶ. 250ರ ಸುಮಾರಿಗೆ. ರೋಮನ್ ಚಕ್ರವರ್ತಿ ಡೀಸಿಯಸ್ ಸಾಮ್ರಾಜ್ಯದ ನಿವಾಸಿಗಳೆಲ್ಲರೂ ದೇವತೆಗಳಿಗೆ ಬಲಿಯರ್ಪಿಸಿ, ಅದಕ್ಕೆ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞಾಪಿಸಿದನು. ಪಪೈರಸ್ ಹಾಳೆಗಳ ಮೇಲೆ ಬರೆದ ಇಂತಹ ನಲವತ್ತಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನಲ್ಲಿ ದೊರೆತಿವೆ. ಕ್ರೈಸ್ತರಲ್ಲಿ ಕೆಲವರು ಬಲಿಯರ್ಪಿಸಿದರು, ಕೆಲವರು ಧೂಪ ಹಾಕಿದರು, ಇನ್ನು ಕೆಲವರು ಏನನ್ನೂ ಮಾಡದೆ ಹಣ ಕೊಟ್ಟು ಪತ್ರವನ್ನು ಮಾತ್ರ ಪಡೆದರು. ಇವರೆಲ್ಲರಿಗೆ ಲ್ಯಾಟಿನ್ ಭಾಷೆಯಲ್ಲಿ 'ಲಾಪ್ಸಿ', ಅಂದರೆ ಬಿದ್ದವರು, ಎಂಬ ಹೆಸರು ಬಂದಿತು.

ಹಿಂಸೆ ತಣಿದೊಡನೆ ಬಿದ್ದವರು ದೊಡ್ಡ ಸಂಖ್ಯೆಯಲ್ಲಿ ಸಭೆಯ ಬಾಗಿಲಿಗೆ ಹಿಂದಿರುಗಿದರು. ಕಾರ್ತೇಜಿನಲ್ಲಿ ಸೆರೆವಾಸ ಅನುಭವಿಸಿದ ವಿಶ್ವಾಸಿಗಳು ಇವರಿಗೆ ಕ್ಷಮೆಯ ಶಿಫಾರಸು ಪತ್ರಗಳನ್ನು ಧಾರಾಳವಾಗಿ ಬರೆದುಕೊಡತೊಡಗಿದ್ದರು. ಅಲ್ಲಿಯ ಬಿಷಪ್ ಸಿಪ್ರಿಯನ್ ಇದನ್ನು ಒಪ್ಪಲಿಲ್ಲ. ಆದರೆ ಹಿಂಸೆಯ ಕಾಲದಲ್ಲಿ ಆತನೇ ತಲೆಮರೆಸಿಕೊಂಡಿದ್ದುದರಿಂದ ಆತನ ಕಠಿಣ ಮಾತಿಗೆ ಎಲ್ಲರೂ ಕಿವಿಗೊಡಲಿಲ್ಲ. 251ರಲ್ಲಿ ಸೇರಿದ ಆಫ್ರಿಕದ ಬಿಷಪರ ಸಭೆಯು ಮಧ್ಯದ ದಾರಿ ಹಿಡಿಯಿತು: ತಪ್ಪಿನ ತೂಕವನ್ನು ಒಬ್ಬೊಬ್ಬರಲ್ಲೂ ಬೇರೆ ಬೇರೆಯಾಗಿ ನೋಡುವುದು, ದೀರ್ಘ ಪ್ರಾಯಶ್ಚಿತ್ತದ ಬಳಿಕ ಸೇರಿಸಿಕೊಳ್ಳುವುದು. ರೋಮಿನಲ್ಲಿ ನೊವೇಷಿಯನ್ ಎಂಬ ಪಾದ್ರಿಯು ಬಿದ್ದವರನ್ನು ದೇವರು ಕ್ಷಮಿಸಬಹುದು, ಸಭೆಯು ಕ್ಷಮಿಸಲಾಗದು ಎಂಬ ನಿಲುವಿನಿಂದ ಬಿಷಪ್ ಕೊರ್ನೇಲಿಯಸನ ವಿರುದ್ಧ ಬೇರೆಯಾದನು. ಆತನ ಪಂಗಡವು ಕೆಲವು ಶತಮಾನಗಳ ಕಾಲ ಉಳಿಯಿತು. ಸಿಪ್ರಿಯನ್ 258ರಲ್ಲಿ, ಮತ್ತೊಂದು ಹಿಂಸೆಯ ಕಾಲದಲ್ಲಿ, ಓಡಿಹೋಗದೆ ಶಿರಚ್ಛೇದಕ್ಕೆ ಒಳಗಾದನು.

325ರ ನೈಸಿಯ ಮಹಾಸಭೆಯು ಬಲವಂತವಿಲ್ಲದೆಯೇ ಬಿದ್ದವರಿಗೆ ಒಟ್ಟು 12 ವರ್ಷಗಳ ಪ್ರಾಯಶ್ಚಿತ್ತವನ್ನು ವಿಧಿಸಿತು: 3 ವರ್ಷ ಕೇಳುಗರ ಸಾಲಿನಲ್ಲಿ, 7 ವರ್ಷ ಸಾಷ್ಟಾಂಗ ಬೀಳುವವರ ಸಾಲಿನಲ್ಲಿ, ಕೊನೆಯ 2 ವರ್ಷ ಪ್ರಾರ್ಥನೆಯಲ್ಲಿ ಮಾತ್ರ ಪಾಲು, ಆ ಬಳಿಕವೇ ಪರಮಪ್ರಸಾದ. ಕಠಿಣವೆನಿಸಿದರೂ ನೊವೇಷಿಯನ್ ಮುಚ್ಚಿದ ಬಾಗಿಲು ಇಲ್ಲಿ ತೆರೆದಿತ್ತು.

ಸುಧಾರಣೆಯ ನಂತರದ ವಿವಾದ

1517ರಲ್ಲಿ ಮಾರ್ಟಿನ್ ಲೂಥರ್ ಪ್ರಕಟಿಸಿದ 95 ಪ್ರಬಂಧವಾಕ್ಯಗಳಲ್ಲಿ ಮೊದಲನೆಯದೇ ವಿಶ್ವಾಸಿಯ ಇಡೀ ಬದುಕು ಮಾನಸಾಂತರವಾಗಬೇಕೆಂಬುದು. ಎರಡನೆಯದು ಅದನ್ನು ಪಾದ್ರಿಯ ಮುಂದಿನ ಪಾಪನಿವೇದನೆಗೆ ಸೀಮಿತಗೊಳಿಸಬಾರದೆಂಬುದು. ಆದರೆ ನಂಬಿಕೆಯಿಂದಲೇ ರಕ್ಷಣೆಯೆಂದಾದರೆ, ನಂಬಿಕೆ ಕಳೆದುಕೊಂಡವನ ಗತಿಯೇನು ಎಂಬ ಪ್ರಶ್ನೆ ಆಗ ಇನ್ನಷ್ಟು ಹರಿತವಾಯಿತು. ನೆದರ್ಲೆಂಡ್ಸಿನಲ್ಲಿ ಅರ್ಮಿನಿಯಸನ ಅನುಯಾಯಿಗಳು 1610ರ ತಮ್ಮ ಮನವಿಯಲ್ಲಿ ಈ ವಿಷಯವನ್ನು ಇನ್ನೂ ಪರಿಶೀಲಿಸಬೇಕೆಂದು ಬಿಟ್ಟಿದ್ದರು. 1618-19ರ ಡೋರ್ಟ್ ಸಭೆಯು ದೇವರು ಆರಿಸಿಕೊಂಡವರು ಕೊನೆಯವರೆಗೂ ಬೀಳಲಾರರೆಂದು ತೀರ್ಮಾನಿಸಿತು. ಜಾನ್ ವೆಸ್ಲಿಯ ಮೆಥಡಿಸ್ಟರ ಪ್ರಕಾರ ನಿಜವಾದ ವಿಶ್ವಾಸಿಯೂ ಬೀಳಬಹುದು, ಮತ್ತೆ ಏಳಲೂಬಹುದು.

ಡೋರ್ಟಿನ ನಿಲುವಿಗೆ ಒಂದು ಅಡ್ಡಪರಿಣಾಮವಿದೆ. ಅದರಂತೆ, ಮರಳದೆ ತೊರೆದವನ ಹಿಂದಿನ ಪ್ರಾರ್ಥನೆ, ಕಣ್ಣೀರು, ಸೇವೆಗಳೆಲ್ಲ ಮೊದಲಿನಿಂದಲೂ ಪೊಳ್ಳಾಗಿದ್ದವೆಂದು ಹೇಳಬೇಕಾಗುತ್ತದೆ. ತೊರೆದವರ ಬರಹಗಳಲ್ಲಿ ಅತಿ ಹೆಚ್ಚು ನೋವಿನಿಂದ ಅಲ್ಲಗಳೆಯಲ್ಪಡುವ ಮಾತು ಇದೇ.

ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದನ್ನು ಒಪ್ಪದ ಅನಬ್ಯಾಪ್ಟಿಸ್ಟರು ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಿಡಿಸಿದರು. ಅವರ ಪರಂಪರೆಯ ಅಮಿಷ್ ಸಮುದಾಯದಲ್ಲಿ ದೀಕ್ಷಾಸ್ನಾನಕ್ಕೆ ಮೊದಲು ಹೊರಟುಹೋದ ಯುವಕನನ್ನು ಬಹಿಷ್ಕರಿಸುವುದಿಲ್ಲ. ಪ್ರಾಯದಲ್ಲಿ ಪ್ರತಿಜ್ಞೆ ಮಾಡಿ ನಂತರ ಮುರಿದವನಿಗೆ ಮಾತ್ರ ಬಹಿಷ್ಕಾರ. ಅಮಿಷ್ ಮಕ್ಕಳನ್ನು 8ನೆಯ ತರಗತಿಯ ಬಳಿಕ ಶಾಲೆಯಿಂದ ಬಿಡಿಸಲು ಪೋಷಕರಿಗೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1972ರಲ್ಲಿ ಅವಕಾಶ ಕೊಟ್ಟಾಗ, ನ್ಯಾಯಮೂರ್ತಿ ಡಗ್ಲಸ್ ಅವರು ಮಕ್ಕಳ ಅಭಿಪ್ರಾಯವನ್ನೂ ಕೇಳಬೇಕಿತ್ತೆಂದು ಭಾಗಶಃ ಭಿನ್ನಮತ ದಾಖಲಿಸಿದರು.

ಬಾಲ್ಯದ ವಿಶ್ವಾಸವನ್ನು ತೊರೆದವರು

ಹತ್ತೊಂಬತ್ತನೆಯ ಶತಮಾನದಲ್ಲಿ ಭೂವಿಜ್ಞಾನ ಮತ್ತು ಬೈಬಲಿನ ಚಾರಿತ್ರಿಕ ವಿಮರ್ಶೆಯಿಂದ ಅನೇಕ ವಿದ್ಯಾವಂತರ ನಂಬಿಕೆ ಅಲುಗಿತು. ಕೇಂಬ್ರಿಜಿನಲ್ಲಿ ಪಾದ್ರಿಯಾಗಲೆಂದು ಓದಿದ್ದ ಚಾರ್ಲ್ಸ್ ಡಾರ್ವಿನ್ ತನ್ನ ಅವಿಶ್ವಾಸವು ಬಹು ನಿಧಾನವಾಗಿ ಆವರಿಸಿತೆಂದು ಆತ್ಮಕಥನದಲ್ಲಿ ಬರೆದನು.

ಮುಂದೆ ಜಾರ್ಜ್ ಎಲಿಯಟ್ ಎಂಬ ಹೆಸರಿನಲ್ಲಿ ಕಾದಂಬರಿಕಾರ್ತಿಯಾದ ಮೇರಿ ಆ್ಯನ್ ಇವಾನ್ಸ್ ತೀವ್ರ ಭಕ್ತಿಯಲ್ಲಿ ಬೆಳೆದವರು. 1842ರ ಜನವರಿಯಲ್ಲಿ ಅವರು ತಂದೆಯೊಡನೆ ಚರ್ಚಿಗೆ ಹೋಗಲು ನಿರಾಕರಿಸಿದರು. ಮನೆಯೇ ಒಡೆಯುವ ಸ್ಥಿತಿ ಬಂದಿತು. ತಾವು ನಂಬದುದನ್ನು ನಂಬಿದಂತೆ ನಟಿಸಲಾರೆವೆಂದು ಅವರು ತಂದೆಗೆ ಪತ್ರ ಬರೆದರು. ಕೆಲವು ತಿಂಗಳ ಬಳಿಕ ರಾಜಿಯಾಯಿತು. ಮಗಳು ಚರ್ಚಿನ ಪೀಠದಲ್ಲಿ ಕುಳಿತುಕೊಳ್ಳುವಳು, ಅಲ್ಲಿ ಏನನ್ನು ಯೋಚಿಸುವಳೆಂಬುದು ಅವಳಿಗೆ ಬಿಟ್ಟದ್ದು. 1849ರಲ್ಲಿ ತಂದೆ ತೀರಿಕೊಳ್ಳುವವರೆಗೂ ಅವರೇ ಶುಶ್ರೂಷೆ ಮಾಡಿದರು. ಈ ನಡುವೆ, 1846ರಲ್ಲಿ, ಯೇಸುವಿನ ಜೀವನವನ್ನು ವಿಮರ್ಶಾತ್ಮಕವಾಗಿ ನೋಡಿದ ಸ್ಟ್ರಾಸ್‌ನ ಜರ್ಮನ್ ಗ್ರಂಥದ ಅವರ ಇಂಗ್ಲಿಷ್ ಅನುವಾದವೂ ಪ್ರಕಟವಾಯಿತು.

ಎಡ್ಮಂಡ್ ಗಾಸ್‌ನ 'ಫಾದರ್ ಅಂಡ್ ಸನ್' (1907) ಮೊದಲಿಗೆ ಲೇಖಕನ ಹೆಸರಿಲ್ಲದೆ ಹೊರಬಂದಿತು. ಪ್ಲಿಮತ್ ಬ್ರದರನ್ ಪಂಗಡದ ಜೀವವಿಜ್ಞಾನಿ ತಂದೆಯು ಮಗನನ್ನು ಸುಮಾರು ಹತ್ತು ವರ್ಷದಲ್ಲೇ ವಯಸ್ಕ ವಿಶ್ವಾಸಿಯೆಂದು ದೀಕ್ಷಾಸ್ನಾನಕ್ಕೆ ನಿಲ್ಲಿಸಿದ್ದನು. ತಂದೆಯನ್ನು ದುಷ್ಟನೆಂದು ಚಿತ್ರಿಸದಿರುವುದೇ ಈ ಕೃತಿಯ ಬಲ.

ಕರ್ನಾಟಕದೊಂದಿಗೆ ದೂರದ ನಂಟುಳ್ಳ ಉದಾಹರಣೆ ಹರ್ಮನ್ ಹೆಸ್ಸೆಯದು. ಆತನ ತಾಯಿಯ ತಂದೆ ಹರ್ಮನ್ ಗುಂಡರ್ಟ್ ಮತ್ತು ತಂದೆ ಯೋಹಾನೆಸ್ ಹೆಸ್ಸೆ ಇಬ್ಬರೂ, 1834ರಲ್ಲಿ ಮಂಗಳೂರಿನಲ್ಲಿ ಕೆಲಸ ಆರಂಭಿಸಿದ ಬಾಸೆಲ್ ಮಿಷನ್ನಿನ ಪ್ರಚಾರಕರಾಗಿ ಭಾರತದಲ್ಲಿದ್ದವರು. ಪಾದ್ರಿಯಾಗಬೇಕೆಂದು ಮೌಲ್‌ಬ್ರೋನ್ ಗುರುಮಠಕ್ಕೆ ಕಳುಹಿಸಲ್ಪಟ್ಟ ಹುಡುಗನು 1892ರಲ್ಲಿ ಅಲ್ಲಿಂದ ಓಡಿಹೋದನು. ಮನೆಯವರು ಆತನನ್ನು ಪ್ರಾರ್ಥನೆಯಿಂದ ಗುಣಪಡಿಸುವ ಪಾದ್ರಿಯೊಬ್ಬರ ಬಳಿಗೂ, ಬಳಿಕ ಮಾನಸಿಕ ಚಿಕಿತ್ಸಾಲಯಕ್ಕೂ ಒಯ್ದರು.

ಹಿಂದಿರುಗಿದವರೂ ಇದ್ದಾರೆ. ಬೆಲ್‌ಫಾಸ್ಟಿನ ಕ್ರೈಸ್ತ ಕುಟುಂಬದ ಸಿ. ಎಸ್. ಲೂಯಿಸ್ ಹದಿಹರೆಯದಲ್ಲಿ ನಾಸ್ತಿಕನಾಗಿ, 1931ರಲ್ಲಿ ಕ್ರೈಸ್ತ ನಂಬಿಕೆಗೆ ಮರಳಿದನು. ಇದಕ್ಕೆ ವಿರುದ್ಧವಾಗಿ ಬಿಲ್ಲಿ ಗ್ರಹಾಂರ ಸಹೋದ್ಯೋಗಿಯಾಗಿದ್ದ ಕೆನಡಾದ ಸುವಾರ್ತಾ ಪ್ರಸಂಗಿ ಚಾರ್ಲ್ಸ್ ಟೆಂಪಲ್ಟನ್ 1957ರಲ್ಲಿ ಸೇವೆ ತೊರೆದು ಅಜ್ಞೇಯವಾದಿಯಾದನು. ಮಾಜಿ ಸನ್ಯಾಸಿನಿ, ಸಮಾಜಶಾಸ್ತ್ರಜ್ಞೆ ಹೆಲೆನ್ ರೋಸ್ ಎಬಾ ತಮ್ಮ 1988ರ ಗ್ರಂಥದಲ್ಲಿ, ತೊರೆದ ಪಾತ್ರದ ನೆರಳು ಹೊಸ ಬದುಕಿನಲ್ಲೂ ಉಳಿಯುತ್ತದೆಂದು ತೋರಿಸಿದರು.

ಕಾನೂನಿನಲ್ಲಿ

ಇಂಗ್ಲೆಂಡಿನ 1697ರ ದೈವದೂಷಣೆ ಕಾಯ್ದೆಯು ಕ್ರೈಸ್ತ ಶಿಕ್ಷಣದಲ್ಲಿ ಬೆಳೆದು ಆ ಧರ್ಮದ ಸತ್ಯವನ್ನು ಅಲ್ಲಗಳೆಯುವವರನ್ನೇ ಗುರಿಯಾಗಿಸಿತ್ತು. ಮೊದಲ ಸಲ ಸರ್ಕಾರಿ ಹುದ್ದೆಗೆ ಅನರ್ಹತೆ, ಎರಡನೆಯ ಸಲ 3 ವರ್ಷ ಸೆರೆ. 4 ತಿಂಗಳೊಳಗೆ ತಪ್ಪೊಪ್ಪಿ ಹಿಂತೆಗೆದುಕೊಂಡರೆ ವಿನಾಯಿತಿ. ಪಶ್ಚಾತ್ತಾಪಕ್ಕೆ ಗಡುವು ಹಾಕಿದ ಈ ಕಾಯ್ದೆ 1967ರಲ್ಲಿ ರದ್ದಾಯಿತು. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯಲ್ಲಿ ವಿಶ್ವಾಸತ್ಯಾಗಕ್ಕೆ ಬಹಿಷ್ಕಾರವಿದೆ. 16 ವರ್ಷ ತುಂಬದವರು ಶಿಕ್ಷೆಗೆ ಒಳಪಡುವುದಿಲ್ಲ.

ಭಾರತದಲ್ಲಿ ಈ ಪ್ರಶ್ನೆಯು ಜಾತಿಯೊಂದಿಗೆ ಹೆಣೆದುಕೊಂಡಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶದಂತೆ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನವಿಲ್ಲ. ಕೋಲಾರ ಚಿನ್ನದ ಗಣಿಯ ಮೀಸಲು ಕ್ಷೇತ್ರದಿಂದ ಗೆದ್ದ ರಾಜಗೋಪಾಲ್ ಅವರು ಹಿಂದೆ ಕ್ರೈಸ್ತರಾಗಿದ್ದವರೆಂದು ಎದುರಾಳಿ ಆರುಮುಗಂ ತಕರಾರು ತೆಗೆದರು. ಸರ್ವೋಚ್ಚ ನ್ಯಾಯಾಲಯವು ಮೊದಲು 1967ರ ಆಯ್ಕೆಯ ವಿಷಯದಲ್ಲಿ ರಾಜಗೋಪಾಲರ ವಿರುದ್ಧ ತೀರ್ಪಿತ್ತಿತು. 1972ರ ಆಯ್ಕೆಯ ಮೊಕದ್ದಮೆಯಲ್ಲಿ, 1975ರ ಡಿಸೆಂಬರಿನಲ್ಲಿ, ಆದಿ ದ್ರಾವಿಡ ಸಮುದಾಯವು ಅವರನ್ನು ಮರಳಿ ತನ್ನವರೆಂದು ಒಪ್ಪಿಕೊಂಡಿದೆಯೆಂದು ಹೇಳಿ ಆಯ್ಕೆಯನ್ನು ಎತ್ತಿಹಿಡಿಯಿತು. ಇಲ್ಲಿ ನಿರ್ಣಾಯಕವಾದದ್ದು ವ್ಯಕ್ತಿಯ ಒಳನಂಬಿಕೆಗಿಂತ ಹೆಚ್ಚಾಗಿ ಜಾತಿಬಾಂಧವರ ಒಪ್ಪಿಗೆ. ಇದೇ ಬಗೆಯ ಪರೀಕ್ಷೆಯನ್ನು ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ನ್ಯಾಯಾಲಯವು 2015ರಲ್ಲಿ, ಕ್ರೈಸ್ತ ಕುಟುಂಬದಲ್ಲೇ ಹುಟ್ಟಿ ಪೂರ್ವಜರ ಧರ್ಮಕ್ಕೆ ಹಿಂದಿರುಗಿದವರಿಗೂ ಅನ್ವಯಿಸಿತು.